ಹಗ್ಗದಾಚೆಯ ಸಿಂಹ

ಫೆಬ್ರವರಿ ೩, ಮಂಗಳವಾರ

ಇದನ್ನು ಇವರು ಓದಲಾರರು ಎಂಬ ಧೈರ್ಯದ ಮೇಲೆಯೇ ಬರೆಯಲು ಕೂತಿದ್ದೇನೆ. ಎದುರಿನ ಮಂಚದ ಮೇಲೇ ಇದ್ದಾರೆ, ಗೋಡೆಗೆ ಮುಖ ಮಾಡಿಕೊಂಡು. ಪೆನ್ನಿನ ಸದ್ದು ಕೇಳಿ "ಏನು ಬರೀತಿದ್ದೀಯ?" ಎಂದರು. "ಗಿರಾಕಿಗಳ ಅಳತೆ" ಎಂದೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಮೊದಲ ಸಲ ಮುಖದೆದುರೇ ಸುಳ್ಳು ಹೇಳಿದೆ. ಒಂದಿಷ್ಟೂ ಬೇಜಾರಾಗಲಿಲ್ಲ.

ಇವರು ಕಲ್ಲು ಕೆತ್ತುವವರು. ಕೆತ್ತುತ್ತಿದ್ದವರು ಎಂದು ಬರೆಯಲು ನಾನು ಒಪ್ಪುವುದಿಲ್ಲ. ಕಣ್ಣಿನ ಕಾಯಿಲೆ ಮೊದಲು ನೋಟದ ಅಂಚನ್ನು ತಿಂದಿತು, ಆಮೇಲೆ ನಡುವನ್ನೂ ಬಿಡಲಿಲ್ಲ. ಹೋದ ವರ್ಷ, ಮುಗಿಯುತ್ತ ಬಂದಿದ್ದ ಒಂದು ವಿಗ್ರಹದ ಮೂಗು ಒಂದೇ ಏಟಿಗೆ ಹಾರಿಹೋಯಿತು. ಅವತ್ತೇ ಉಳಿ, ಸುತ್ತಿಗೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಚೀಲದ ಬಾಯಿಯ ಜೊತೆಗೆ ತಮ್ಮ ಬಾಯಿಯನ್ನೂ ಕಟ್ಟಿಕೊಂಡರು. ಅಂದಿನಿಂದ ನಾನು ಎಬ್ಬಿಸಿದರೆ ಏಳುತ್ತಾರೆ, ಕೂರಿಸಿದರೆ ಕೂರುತ್ತಾರೆ.

ನಮ್ಮ ಅತ್ತಿಗೆ, ಇವರ ಅಕ್ಕ, ಒಂದು ಹಾಸ್ಟೆಲ್ ಹುಡುಕಿಟ್ಟಿದ್ದಾಳೆ. ಕಣ್ಣಿಲ್ಲದವರಿಗೆ ಕುರ್ಚಿ ಹೆಣೆಯುವುದನ್ನು ಕಲಿಸುತ್ತಾರಂತೆ. "ಅವನಿಗೂ ಹೊತ್ತು ಹೋಗುತ್ತೆ, ನಿನಗೂ ಬಿಡುವು ಸಿಗುತ್ತೆ" ಎಂದಳು. ಬಿಡುವು ಬೇಕೆಂದು ನಾನು ಯಾರ ಹತ್ತಿರ ಬೇಡಿಕೊಂಡಿದ್ದೆ? ಕುರ್ಚಿ ಹೆಣೆಯುವುದು ಕೀಳು ಕೆಲಸವಲ್ಲ. ಆದರೆ ಇವರದು ಕಲ್ಲಿನ ಕೈ. ನನ್ನ ಉಸಿರಿರುವವರೆಗೆ ಇವರು ಬೆತ್ತ ಹಿಡಿಯುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ, ಹೊಲಿಗೆ ಅಂಗಡಿಗೆ ಬೀಗ ಹಾಕಿ, ಇವರನ್ನು ಬಸ್ಸಿಗೆ ಹತ್ತಿಸಿದೆ.

ಈ ಕಡಲೂರಿನಲ್ಲೇ ಇವರು ಕೆತ್ತನೆ ಕಲಿತದ್ದು. ಇಲ್ಲಿ ಬಂಡೆಗಳನ್ನೇ ಕೊರೆದು ಗುಡಿ ಮಾಡಿದ್ದಾರೆ, ಯಾವ ಕಾಲದವರೋ ಏನೋ. ಅದರಲ್ಲಿ ಒಂದು ಗುಹೆಯ ಕಂಬಗಳನ್ನೆಲ್ಲ ಸಿಂಹಗಳು ಹೊತ್ತು ಕೂತಿವೆ. ಇವರ ಗುರುಗಳು ಶಿಷ್ಯರ ಕಣ್ಣಿಗೆ ಬಟ್ಟೆ ಕಟ್ಟಿ, ಆ ಸಿಂಹಗಳ ಮೈ ಮೇಲೆ ಕೈ ಇಡಿಸಿ, ಆಮೇಲೆ ಬಟ್ಟೆ ಬಿಚ್ಚಿ, ಮುಟ್ಟಿದ್ದನ್ನು ಇದ್ದಿಲಲ್ಲಿ ಬರೆಯಲು ಹೇಳುತ್ತಿದ್ದರಂತೆ. ಮದುವೆಯಾದ ಹೊಸತರಲ್ಲಿ ಇವರು ಈ ಕಥೆಯನ್ನು ಸಾಕು ಸಾಕೆನ್ನುವಷ್ಟು ಸಲ ಹೇಳಿದ್ದರು. ಆಗ ಆಕಳಿಸುತ್ತ ಕೇಳಿದ್ದು ಈಗ ಕೆಲಸಕ್ಕೆ ಬಂತು. ಆ ಸಿಂಹವನ್ನು ಇನ್ನೊಂದು ಸಲ ಮುಟ್ಟಿದರೆ ಇವರ ಕೈ ವಾಪಸು ಬರುತ್ತದೆ. ಇಲ್ಲಿ ಬರಲಿಲ್ಲವೆಂದರೆ ಎಲ್ಲಿಯೂ ಬರುವುದಿಲ್ಲ.

ಲಾಡ್ಜಿನ ಕೆಳಗಿನ ಬೀದಿಯಲ್ಲಿ ಸಾಲಾಗಿ ಕಲ್ಲುಕೆತ್ತನೆಯ ಅಂಗಡಿಗಳು. ಬೆಳಗಿನಿಂದ ಟಕ್ ಟಕ್ ಎಂದು ಉಳಿಯ ಸದ್ದು. ನನಗೆ ಖುಷಿಯಾಯಿತು. ಇವರು "ಕಿಟಕಿ ಹಾಕು" ಎಂದರು.

ಫೆಬ್ರವರಿ ೪, ಬುಧವಾರ

ಬೆಳಿಗ್ಗೆಯೇ ಹೋದೆವು. ಗುಹೆಯ ಮುಂದೆ ಉದ್ದಕ್ಕೂ ಹಗ್ಗ, ಹಗ್ಗಕ್ಕೊಂದು ಬೋರ್ಡು, ಬೋರ್ಡಿಗೊಬ್ಬ ಕಾವಲುಗಾರ. ಮೀಸೆ ಪೂರ್ತಿ ನೆರೆತಿದೆ, ಕತ್ತಿನಲ್ಲಿ ಪೀಪಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾನೆ. ನಾನು ಹಗ್ಗ ಎತ್ತಿ ಇವರ ತಲೆ ಬಗ್ಗಿಸುವುದೇ ತಡ, ಪೀಪಿ ಊದಿದ.

"ಅಮ್ಮ, ಹಗ್ಗದಿಂದ ಈಚೆ ಬನ್ನಿ."

"ಇವರಿಗೆ ಕಣ್ಣು ಕಾಣಲ್ಲ. ಕೈಯಿಂದಲೇ ನೋಡಬೇಕು."

"ಬೋರ್ಡ್ ಓದಿ ಅಮ್ಮ. ಮುಟ್ಟಬಾರದು ಅಂತ ಬರೆದಿದೆ."

"ನಾನು ಓದಿದೆ. ಇವರಿಗೆ ಓದೋಕಾಗಲ್ಲ. ಓದೋಕಾಗದವರಿಗೆ ಹಾಕಿರೋ ಬೋರ್ಡ್ ಎಲ್ಲಿದೆ ತೋರಿಸಿ, ಈಗಲೇ ವಾಪಸು ಹೋಗ್ತೀವಿ."

ಜನ ಸೇರಿದರು. ಒಬ್ಬಳು ಫೋನು ಎತ್ತಿ ನಮ್ಮದೇ ವಿಡಿಯೋ ಹಿಡಿಯತೊಡಗಿದಳು. "ಕಲ್ಲು ನೋಡೋಕೆ ಬಂದಿದ್ದೀರೋ ನನ್ನ ನೋಡೋಕೋ?" ಎಂದು ಅವಳಿಗೂ ಒಂದು ಕೊಟ್ಟೆ. ಇವರು ನನ್ನ ಸೆರಗು ಹಿಡಿದು "ಬಾರೇ, ಸಾಕು ಮಾಡು, ಮರ್ಯಾದೆ ಹೋಗುತ್ತೆ" ಎಂದು ಎಳೆದರು. ಹಗ್ಗದ ಈಚೆ ನಿಂತು ನಾನೇ ಹೇಳತೊಡಗಿದೆ: ಸಿಂಹ ಮುಂಗಾಲು ಮಡಿಸಿ ಕೂತಿದೆ, ಜೂಲು ಒಳ್ಳೆ ನೆರಿಗೆ ಹಿಡಿದ ಹಾಗಿದೆ, ಬಾಯಿ ತೆರೆದಿದೆ, ಆಕಳಿಸುತ್ತಿದೆಯೋ ಗರ್ಜಿಸುತ್ತಿದೆಯೋ ತಿಳಿಯದು. ಇವರು ಒಂದಕ್ಕೂ ಹ್ಞೂಂ ಅನ್ನಲಿಲ್ಲ.

ಮಧ್ಯಾಹ್ನ ಹೋಟೆಲಿನಲ್ಲಿ ಬಡಿಸುವವನು ಇವರನ್ನು ಬಿಟ್ಟು ನನ್ನನ್ನು "ಸಾಹೇಬರಿಗೆ ಏನು ಕೊಡಲಿ?" ಎಂದು ಕೇಳಿದ. ಮೀನು ಎಂದೆ. ಮುಳ್ಳು ಬಿಡಿಸಿ ಬಿಡಿಸಿ ಇವರ ತಟ್ಟೆಯ ಅಂಚಿಗಿಟ್ಟೆ. ನನ್ನ ಮೀನು ತಣ್ಣಗಾಗಿತ್ತು.

ಫೆಬ್ರವರಿ ೫, ಗುರುವಾರ

ಇವರು ಹಾಸಿಗೆ ಬಿಟ್ಟೇಳಲಿಲ್ಲ. ಜಪ್ಪಯ್ಯ ಅಂದರೂ ಏಳಲಿಲ್ಲ. ಅತ್ತಿಗೆ ಫೋನು ಮಾಡಿ "ಹೇಗಿದ್ದಾನೆ?" ಎಂದಳು. "ಚೆನ್ನಾಗಿದ್ದಾರೆ, ದಿನಾ ಸುತ್ತಾಡ್ತಿದ್ದಾರೆ" ಎಂದೆ. ಸುಳ್ಳು ಹೇಳುವುದು ರೂಢಿಯಾಗುತ್ತಿದೆ.

ಫೆಬ್ರವರಿ ೬, ಶುಕ್ರವಾರ

ಇವರನ್ನು ರೂಮಿನಲ್ಲಿ ಬಿಟ್ಟು ಪುರಾತತ್ವ ಇಲಾಖೆಯ ಆಫೀಸಿಗೆ ಹೋದೆ. ಅಧಿಕಾರಿ ಚಿಕ್ಕ ವಯಸ್ಸಿನವರು, ಬೆಣ್ಣೆಯಂಥ ಮಾತು. ಕುರ್ಚಿ ಕೊಟ್ಟರು, ನೀರು ಕೊಟ್ಟರು.

"ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ ಅಮ್ಮ."

"ಭಾವನೆ ಅರ್ಥ ಆಗದಿದ್ರೂ ಪರವಾಗಿಲ್ಲ ಸಾರ್, ಹಗ್ಗ ಬಿಚ್ಚಿಸಿ ಸಾಕು."

ಕೈಯ ಬೆವರು, ಎಣ್ಣೆ ಕಲ್ಲಿಗೆ ಅಂಟಿ ಕಪ್ಪಾಗುತ್ತದಂತೆ, ಲಕ್ಷಾಂತರ ಜನ ಮುಟ್ಟಿ ಮುಟ್ಟಿ ಸಿಂಹಗಳ ಮೂತಿ ಸವೆದಿದೆಯಂತೆ. ಅದು ನಿಜವೇ. ನನ್ನ ಕತ್ತರಿಯ ಹಿಡಿಯೂ ಸವೆದಿದೆ, ಕಬ್ಬಿಣದ್ದಾದರೂ. ಆದರೂ ಬಿಡಲಿಲ್ಲ. "ಸಮುದ್ರದ ಉಪ್ಪುಗಾಳಿ ಇಷ್ಟು ಕಾಲದಿಂದ ತಿಂತಾ ಇದೆ. ಅದಕ್ಕೆ ಹಗ್ಗ ಕಟ್ಟಿದ್ದೀರಾ? ಇವರ ಹತ್ತು ಬೆರಳು ಅದಕ್ಕಿಂತ ದೊಡ್ಡದಾ?" ಎಂದೆ. ಅಧಿಕಾರಿ ನಕ್ಕರು. ಮೇಲಿನವರನ್ನು ಕೇಳುತ್ತೇನೆ ಎಂದರು. "ಕೇಳಿ. ನಾಳೆ ಬರ್ತೀನಿ. ನಾಳೆ ಆಗದಿದ್ರೆ ನಾಡಿದ್ದೂ ಬರ್ತೀನಿ" ಎಂದು ಎದ್ದೆ. ಅವರ ನಗು ಸ್ವಲ್ಪ ಇಳಿಯಿತು.

ಬಂದು ಇವರಿಗೆ ಎಲ್ಲ ಹೇಳಿದೆ. "ನಾನು ಕೇಳಿದ್ನಾ?" ಎಂದರು, ಅಷ್ಟೇ. ಹೌದು, ಕೇಳಲಿಲ್ಲ. ನೀರಿಗೆ ಬಿದ್ದವನು ಅರ್ಜಿ ಹಾಕಿದ ಮೇಲೆ ಎತ್ತಬೇಕೇನು? ಮೈಯೆಲ್ಲ ಉರಿದುಹೋಯಿತು.

ಫೆಬ್ರವರಿ ೮, ಭಾನುವಾರ

ಇವತ್ತಿನದನ್ನು ಹೇಗೆ ಬರೆಯಲಿ! ಬರೆಯದೇ ಇದ್ದರೆ ಹೊಟ್ಟೆ ಉಬ್ಬುತ್ತದೆ.

ಭಾನುವಾರ ಜಾತ್ರೆಯಂಥ ಜನ ಬರುತ್ತಾರೆ, ಪೀಪಿಯವನಿಗೆ ಎರಡು ಕಣ್ಣು ಸಾಲುವುದಿಲ್ಲ ಎಂದು ಲೆಕ್ಕ ಹಾಕಿಯೇ ಇವರನ್ನು ಎಬ್ಬಿಸಿ ಹೊರಡಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಶಾಲೆಯ ಬಸ್ಸೊಂದು ಬಂದು ಮಕ್ಕಳೆಲ್ಲ ಹಗ್ಗಕ್ಕೆ ಜೋತುಬಿದ್ದರು, ಅವನು ಆ ಕಡೆ ಓಡಿದ. ನಾನು ಇವರ ಕೈ ಹಿಡಿದು ಗುಹೆಯ ಕೊನೆಗೆ ನುಗ್ಗಿದೆ. ಸಿಂಹಗಳು ಸಾಲಾಗಿವೆಯಲ್ಲ, ಯಾವುದನ್ನು ಮುಟ್ಟಿಸುವುದು? ಹೊಲಿಗೆಯವಳ ಕಣ್ಣು ನನ್ನದು. ಉಳಿದವೆಲ್ಲ ಮೂತಿ ಸವೆದು, ಕಿವಿ ಮುರಿದು ಹಳೇ ಅಂಗಿಯ ಕಾಲರಿನ ಹಾಗಾಗಿದ್ದವು. ಕೊನೆಯದೊಂದು ಮಾತ್ರ ಅಚ್ಚುಕಟ್ಟಾಗಿತ್ತು. ಜೂಲಿನ ಒಂದು ಎಳೆಯೂ ಅಳಿಸಿರಲಿಲ್ಲ. ಇವರಿಗೆ ಒಳ್ಳೆಯದೇ ಸಿಗಲಿ ಎಂದು ಅದರ ನೆತ್ತಿಯ ಮೇಲೆ ಎರಡೂ ಕೈ ಇಡಿಸಿದೆ.

ಇವರ ಬೆರಳು ಜೂಲಿನ ಮೇಲೆ ಇಳಿಯಿತು, ಕೆನ್ನೆಗೆ ಬಂತು, ಬಾಯೊಳಗೆ ಹೋಯಿತು. ಆಮೇಲೆ ಉಗುರಿನಿಂದ ಒಂದು ಕಡೆ ಕೆರೆದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನನಗೂ ಕಣ್ಣು ತುಂಬಿಬಂತು.

"ಲೇ," ಎಂದರು, "ಇದು ಸಿಮೆಂಟು ಕಣೇ."

ನಗುತ್ತಿದ್ದರು! ಹೊಟ್ಟೆ ಹಿಡಿದುಕೊಂಡು, ಆ ಸಿಂಹಕ್ಕೇ ಒರಗಿಕೊಂಡು, ಕೆಮ್ಮು ಬರುವಷ್ಟು ನಕ್ಕರು. "ಇಷ್ಟು ವರ್ಷ ಕಲ್ಲಿನವನ ಜೊತೆ ಬಾಳಿದ್ದೀಯ, ಕಲ್ಲು ಯಾವುದು ಸಿಮೆಂಟು ಯಾವುದು ಗೊತ್ತಾಗಲ್ವಾ? ಒಳಗೆ ಜಲ್ಲಿ ಕೈಗೆ ಸಿಗ್ತಾ ಇದೆ!" ಪೀಪಿ ಊದುತ್ತ ಬಂದ ಕಾವಲುಗಾರ, ಇವರ ನಗು ಕಂಡು ಪೀಪಿ ಬಾಯಲ್ಲೇ ಇಟ್ಟುಕೊಂಡು ನಿಂತ. ಒಡೆದುಹೋಗಿದ್ದ ಸಿಂಹದ ಜಾಗಕ್ಕೆ ಇಲಾಖೆಯವರು ಎರಕ ಹೊಯ್ದು ಕೂರಿಸಿದ್ದಂತೆ. "ಇದನ್ನ ಬೇಕಾದ್ರೆ ದಿನಾ ಬಂದು ಮುಟ್ಟಿ ಯಜಮಾನ್ರೇ," ಎಂದ ಅವನು, "ಅದಕ್ಕೆ ನನ್ನಷ್ಟೂ ವಯಸ್ಸಾಗಿಲ್ಲ." ಇಬ್ಬರೂ ಸೇರಿ ನಕ್ಕರು. ನಾನು ಇಂಗು ತಿಂದ ಮಂಗನ ಹಾಗೆ ನಡುವೆ ನಿಂತಿದ್ದೆ.

ನಗಲಿ. ಇವರು ನಕ್ಕು ಒಂದು ವರ್ಷವಾಗಿತ್ತು ಎನ್ನುವುದು ಈಗ ಬರೆಯುವಾಗ ನೆನಪಾಗುತ್ತಿದೆ. ಆದರೂ ನನ್ನನ್ನೇ ನೋಡಿ ನಗಬೇಕಿತ್ತೇ?

ಫೆಬ್ರವರಿ ೯, ಸೋಮವಾರ

ಬೆಳಿಗ್ಗೆ ತಾವಾಗಿಯೇ ಎದ್ದು "ಸಮುದ್ರ ಯಾವ ಕಡೆ?" ಎಂದು ಕೇಳಿದರು. ದಡದ ಮೇಲೆ ಕೆತ್ತಿ ಅರ್ಧಕ್ಕೇ ಬಿಟ್ಟ ಬಂಡೆಗಳಿವೆಯಂತೆ. ಮುಗಿಯದ್ದಕ್ಕೆ ಹಗ್ಗವೂ ಇಲ್ಲ, ಕಾವಲೂ ಇಲ್ಲ. ಸರಿ, ಹೋಗೋಣ ಎಂದು ಚಪ್ಪಲಿ ಹಾಕಿಕೊಂಡೆ. "ನೀನು ಬೇಡ. ನಿನ್ನ ನಂಬಿದ್ರೆ ನನಗೆ ಸಿಮೆಂಟೇ ಗತಿ" ಎಂದರು. ಸಂಜೆ ಕಾವಲುಗಾರ ಡ್ಯೂಟಿ ಮುಗಿಸಿ ಬಂದು ಕರೆದುಕೊಂಡು ಹೋದ. ಯಾವಾಗ ಮಾತಾಡಿಕೊಂಡರೋ ಗೊತ್ತಿಲ್ಲ. ನಾನು ಜಗಳವಾಡಿ ಗಂಟಲು ಹರಿದುಕೊಂಡ ಮನುಷ್ಯನ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು!

ಸುಮ್ಮನೆ ಕೂರಲಾಗದೆ ಲಾಡ್ಜಿನ ಯಜಮಾನಿಯ ಹರಿದ ಪರದೆಗಳನ್ನು ಇಸಿದುಕೊಂಡು ಹೊಲಿದೆ. ಹೊಲಿಗೆ ಸೊಟ್ಟಗೆ ಬಂತು. ಬಿಚ್ಚಿ ಮತ್ತೆ ಹೊಲಿದೆ.

ಫೆಬ್ರವರಿ ೧೦, ಮಂಗಳವಾರ

ಇವರು ಮಾತಾಡುತ್ತಿದ್ದಾರೆ. ನಿಲ್ಲಿಸುತ್ತಿಲ್ಲ.

ನಿನ್ನೆ ಮುಟ್ಟಿದ ಬಂಡೆಯ ಕಥೆ. ಮೊದಲು ಬಂಡೆಯ ಮುಖದ ಮೇಲೆ ಚೌಕ ಚೌಕವಾಗಿ ಕಾಲುವೆ ಹೊಡೆಯುತ್ತಿದ್ದರಂತೆ, ಆಮೇಲೆ ನಡುವಿನ ಚೌಕಗಳನ್ನು ಒಡೆದು ತೆಗೆಯುತ್ತಿದ್ದರಂತೆ. ಮೇಲಿನಿಂದ ಕೆಳಕ್ಕೆ ಇಳಿಯುವ ಕೆಲಸ, ಚಾವಣಿ ಮೊದಲು, ನೆಲ ಕೊನೆಗೆ. ಮನೆ ಕಟ್ಟುವುದಕ್ಕೆ ತಿರುಗುಮುರುಗು. ಒಂದು ಕಡೆ ಆನೆ ಮಾಡಲು ಹೊರಟವನ ಉಳಿ ಆಳಕ್ಕೆ ಹೋಗಿ ಮುಂಗಾಲಿನ ಜಾಗವೇ ಹಾರಿಹೋಗಿದೆ. ಬಂಡೆಯಲ್ಲಿ ಬೇರೆ ಕಲ್ಲು ತಂದು ಸೇರಿಸುವ ಹಾಗಿಲ್ಲವಲ್ಲ. ಅವನು ಆನೆಯನ್ನೇ ಸ್ವಲ್ಪ ತಿರುಗಿಸಿ, ಕಾಲನ್ನು ಹಿಂದಕ್ಕೆ ಮಡಿಸಿಬಿಟ್ಟಿದ್ದಾನೆ. "ಕಣ್ಣಿದ್ದಾಗ ಎಷ್ಟು ಸಲ ನೋಡಿದ್ದೆ, ಆನೆ ಎದ್ದೇಳ್ತಾ ಇದೆ ಅಂದುಕೊಂಡಿದ್ದೆ ಕಣೇ. ಅದು ತಪ್ಪು ಏಟು! ಒಳಗೆ ಬೆರಳು ಹಾಕಿದ್ರೆ ಗೊತ್ತಾಗುತ್ತೆ, ಏಟಿನ ಗುರುತು ಅಲ್ಲೇ ಇದೆ." ಇದನ್ನು ಹೇಳುವಾಗ ಇವರ ಕೈ ಗಾಳಿಯಲ್ಲೇ ಕೆತ್ತುತ್ತಿತ್ತು, ನೀರಿನ ಲೋಟ ಉರುಳಿತು.

ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕೇಳುತ್ತ ಕೇಳುತ್ತ ಮೀನಿನ ಮುಳ್ಳು ಬಿಡಿಸಿಕೊಡುವುದನ್ನೇ ಮರೆತಿದ್ದೆ. ನೋಡಿದರೆ ಇವರ ತಟ್ಟೆಯ ಅಂಚಿನಲ್ಲಿ ಮುಳ್ಳುಗಳು ಸಾಲಾಗಿ ಕೂತಿದ್ದವು. ಇನ್ನು ಮೇಲೆ ಇಂಥ ಮರೆವು ಮಾಡಬಾರದು, ಗಂಟಲಿಗೆ ಸಿಕ್ಕಿಕೊಂಡಿದ್ದರೆ?

ಫೆಬ್ರವರಿ ೧೨, ಗುರುವಾರ

ಗೆದ್ದೆ! ಶನಿವಾರವೂ ನಿನ್ನೆಯೂ ಆಫೀಸಿನ ಬಾಗಿಲಲ್ಲಿ ಕೂತದ್ದು ದಂಡವಾಗಲಿಲ್ಲ, ಅಧಿಕಾರಿಯೇ ಲಾಡ್ಜಿಗೆ ಫೋನು ಮಾಡಿದರು. ಮೇಲಿನವರು ಒಪ್ಪಿದ್ದಾರೆ. ಶನಿವಾರ ಬೆಳಿಗ್ಗೆ ಹಗ್ಗ ತೆಗೆಯುತ್ತಾರೆ. ಪತ್ರಿಕೆಯವರೂ ಬರುತ್ತಾರಂತೆ, ಬರಲಿ, ಲೋಕಕ್ಕೆ ಗೊತ್ತಾಗಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ಇಲ್ಲಿ ಇಬ್ಬರ ಹತ್ತಿರವೂ ಕಿತ್ತುಕೊಂಡಿದ್ದೇನೆ. ಅತ್ತಿಗೆಗೆ ನಾನೇ ಫೋನು ಮಾಡಿ ಹೇಳಿದೆ. "ಮುಟ್ಟಿದ್ರೆ ಕಣ್ಣು ಬರುತ್ತಾ?" ಎಂದಳು. ಅವಳ ಬುದ್ಧಿಯೇ ಅಷ್ಟು.

ಇವರ ಬಿಳಿ ಅಂಗಿ ಒಗೆದು ಇಸ್ತ್ರಿ ಮಾಡಿಸಿದೆ. ಇವರು ಮಾತ್ರ "ಹ್ಞೂಂ" ಎಂದರಷ್ಟೇ. ಹೆದರಿಕೆ ಇರಬಹುದು.

ಫೆಬ್ರವರಿ ೧೪, ಶನಿವಾರ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬರಲಿಲ್ಲವೆಂದರೆ ಯಾರೋ ಕಿತ್ತುಕೊಂಡದ್ದಲ್ಲ, ತಿನ್ನಬೇಕಾದವರೇ ತುತ್ತನ್ನು ಎಸೆದರು.

ಗುಹೆಯ ಮುಂದೆ ಕುರ್ಚಿ ಹಾಕಿದ್ದರು. ಕ್ಯಾಮೆರಾದವರು ಇದ್ದರು. ಅಧಿಕಾರಿ ಇವರ ಬಗ್ಗೆ ಚೆನ್ನಾಗಿಯೇ ಮಾತಾಡಿದರು, ನನ್ನ ಬಗ್ಗೆಯೂ ಒಂದು ಮಾತು ಸೇರಿಸಿದರು. ಹಗ್ಗ ಬಿಚ್ಚಿದರು. ಇವರು ಮುಂದೆ ಹೋಗಿ ಕೈ ಚಾಚಿದರು. ಆಗ ಅಧಿಕಾರಿ ಆ ಚಾಚಿದ ಕೈಗಳಲ್ಲಿ ಒಂದು ಜೊತೆ ರಬ್ಬರಿನ ಕೈಗವಸು ಇಟ್ಟರು. ಆಸ್ಪತ್ರೆಯಲ್ಲಿ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು.

ಇವರು ಅದನ್ನು ಬೆರಳಲ್ಲಿ ಹಿಸುಕಿ ನೋಡಿದರು. "ಇದೇನಿದು?"

"ಗ್ಲೌಸ್. ಕಲ್ಲಿಗೆ ಬೆವರು ತಾಗಬಾರದು ಅಂತ."

"ಇದನ್ನ ಹಾಕ್ಕೊಂಡ್ರೆ ನನಗೆ ಕಲ್ಲು ತಾಗಲ್ಲ."

"ರೂಲ್ಸ್ ಇದೆ ಸಾರ್. ಇಷ್ಟಕ್ಕೇ ಒಪ್ಪಿಸೋದು ಕಷ್ಟ ಆಯ್ತು."

"ನಿಮ್ಮ ಕಷ್ಟ ಗೊತ್ತು. ಬರಿಗೈಯಲ್ಲಿ ಬಿಡೋದಾದ್ರೆ ಮುಟ್ತೀನಿ. ಇಲ್ಲ ಅಂದ್ರೆ ಬೇಡ."

ನಾನು ಹತ್ತಿರ ಹೋಗಿ ಇವರ ಕಿವಿಯಲ್ಲಿ "ಹಾಕ್ಕೊಳ್ಳಿ ರೀ, ಇಷ್ಟು ದೂರ ಬಂದು ಇದೇನಿದು, ತೆಳ್ಳಗಿದೆ, ಏನೂ ಆಗಲ್ಲ" ಎಂದೆ. ನಾನೇ ಒಂದು ಬೆರಳಿಗೆ ಹಾಕಲು ಹೋದೆ. ಇವರು ಕೈ ಕೊಡವಿದರು.

"ನೀನು ಸುಮ್ನಿರು. ನನಗೆ ಬಾಯಿದೆ."

ಕ್ಯಾಮೆರಾದವರ ಮುಂದೆ! ಕೈಗವಸನ್ನು ಮಡಿಸಿ ಅಧಿಕಾರಿಯ ಕೈಗೆ ಕೊಟ್ಟು, ನಮಸ್ಕಾರ ಹೇಳಿ ತಿರುಗಿದರು. "ನನ್ನೊಬ್ಬನಿಗೆ ಒಂದು ದಿನ ಹಗ್ಗ ಬಿಚ್ಚೋದು ಬೇಡ ಸಾರ್. ಕಣ್ಣಿಲ್ಲದವರು ಯಾರು ಬಂದ್ರೂ ಕೈ ತೊಳ್ಕೊಂಡು ಮುಟ್ಟೋ ಹಾಗೆ ಒಂದು ಸಿಂಹ ಬಿಟ್ಟುಕೊಡಿ. ಒಂದೇ ಸಾಕು. ಅದನ್ನ ಕೇಳೋಕೆ ಮತ್ತೆ ಬರ್ತೀನಿ" ಎಂದರು. ಅಧಿಕಾರಿ ಕೈಗವಸನ್ನು ಜೇಬಿಗೆ ತುರುಕಿಕೊಂಡರು. ಪಾಪ, ಅವರ ಮುಖ ನೋಡಲಾಗಲಿಲ್ಲ.

ನಾನು ಯಾರಿಗಾಗಿ ಆಫೀಸಿನ ಬಾಗಿಲಲ್ಲಿ ಕೂತೆ? ಯಾರಿಗಾಗಿ ಅಂಗಡಿ ಮುಚ್ಚಿ ಬಂದೆ? ಇನ್ನು ಇವರ ಜೊತೆ ನಾನು ಮಾತಾಡುವುದಿಲ್ಲ. ಬೇಕಾದ್ದು ಬೇಕಾದ ಹಾಗೆ ಮಾಡಿಕೊಳ್ಳಲಿ.

ಫೆಬ್ರವರಿ ೧೫, ಭಾನುವಾರ

ಮಾತಾಡಲಿಲ್ಲ. ಅಂಗಿಯ ಗುಂಡಿ ಹಾಕಲು ಹೋಗಲಿಲ್ಲ. ಒಂದು ಕಾಜ ತಪ್ಪಿ ಅಂಗಿ ಸೊಟ್ಟಗೆ ನಿಂತಿತ್ತು, ಹೇಳಲೂ ಇಲ್ಲ. ಇವರು ಕೋಲು ತೆಗೆದುಕೊಂಡು, ಗೋಡೆ ಸವರಿಕೊಂಡು ಮೆಟ್ಟಿಲಿಳಿದರು. ನಾನು ಹಿಂದೆಯೇ ಹೋದೆ, ಸದ್ದಾಗದ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

ಬೀದಿಯಲ್ಲಿ ಒಂದೊಂದು ಅಂಗಡಿಯ ಮುಂದೂ ನಿಂತು ಕಿವಿ ಕೊಟ್ಟರು. ಮಿಷನ್ನಿನ ಗರ್ರ್ ಸದ್ದಿದ್ದ ಕಡೆ ನಿಲ್ಲಲಿಲ್ಲ. ಬರೀ ಉಳಿಯ ಸದ್ದಿದ್ದ ಒಂದು ಅಂಗಡಿಯ ಮುಂದೆ ನಿಂತು "ಮೇಸ್ತ್ರಿ, ಒಂದು ಚೂರು ಕಲ್ಲು, ಉಳಿ, ಸುತ್ತಿಗೆ ಕೊಡ್ತೀರಾ?" ಎಂದರು. ಮೇಸ್ತ್ರಿ ಗಾಬರಿಯಾಗಿ ಇವರನ್ನು ನೋಡಿದ, ಇವರ ಹಿಂದೆ ನಿಂತ ನನ್ನನ್ನು ನೋಡಿದ, ಕೊಡಲೋ ಬೇಡವೋ ಎಂದು ಕಣ್ಣಲ್ಲೇ ಕೇಳಿದ. ನಾನು ಕೋಪದಲ್ಲಿದ್ದೆನಲ್ಲ, ಮುಖ ತಿರುಗಿಸಿದೆ. ಮೇಸ್ತ್ರಿ ಕೊಟ್ಟ.

ಕಲ್ಲನ್ನು ಕಾಲುಗಳ ನಡುವೆ ಇಟ್ಟುಕೊಂಡು ಸುಮಾರು ಹೊತ್ತು ಬರೀ ಸವರಿದರು. ಆಮೇಲೆ ಹೊಡೆದರು. ಮೊದಲಿನ ಏಟುಗಳು ಸರಿಯಾಗಿಯೇ ಬಿದ್ದವು, ಆಮೇಲಿನದೊಂದು ಹೆಬ್ಬೆರಳಿಗೆ ಬಿತ್ತು. ರಕ್ತ ಚಿಮ್ಮಿತು. ನಾನು ಮೌನವನ್ನೂ ಕೋಪವನ್ನೂ ಮರೆತು "ಅಯ್ಯೋ" ಎಂದು ಓಡಿದೆ.

"ಹತ್ತಿರ ಬರಬೇಡ," ಎಂದರು. ನಾನು ಹಿಂದೆಯೇ ಇದ್ದದ್ದು ಮೊದಲಿನಿಂದ ಗೊತ್ತಿತ್ತಂತೆ! "ಬೆರಳು ನನ್ನದು."

ಮೇಸ್ತ್ರಿ ಬಟ್ಟೆ ಕೊಟ್ಟ. ಇವರು ಹಲ್ಲಿನಲ್ಲಿ ಹಿಡಿದು ತಾವೇ ಕಟ್ಟಿಕೊಂಡರು, ಗಂಟು ನೋಡಿದರೆ ನನಗೆ ನಾಚಿಕೆಯಾಗಬೇಕು, ಅಷ್ಟು ಕೆಟ್ಟದಾಗಿತ್ತು. ಮತ್ತೆ ಹೊಡೆದರು. ಚಕ್ಕೆ ಹಾರಿತು. ಬೆರಳಿಟ್ಟು ನೋಡಿದರು. ಮತ್ತೆ ಹೊಡೆದರು. ನಾನು ಬೀದಿಯ ಆಚೆ ಬದಿಯ ಮೆಟ್ಟಿಲ ಮೇಲೆ ಕೂತೆ. ಅಳು ಬಂತು. ಸಿಟ್ಟಿಗೇ ಬಂದದ್ದು, ಬೇರೇನಲ್ಲ. ಮಧ್ಯಾಹ್ನದವರೆಗೂ ಕೂತಿದ್ದೆ. ಮೇಸ್ತ್ರಿಯ ಹೆಂಡತಿ ನನ್ನ ಹತ್ತಿರ ಬಂದು "ಅವರಿಗೆ ಊಟ ಏನು ಕೊಡ್ಲಿ, ಖಾರ ತಿಂತಾರಾ?" ಎಂದು ಕೇಳಿದಳು. ಅಲ್ಲೇ ಕೂತಿದ್ದಾರಲ್ಲ, ಅವರನ್ನೇ ಕೇಳಿ ಎಂದೆ. ಮಾತು ಬಿಟ್ಟವಳು ನಾನು ಯಾಕೆ ಉತ್ತರ ಹೇಳಲಿ?

ಫೆಬ್ರವರಿ ೧೬, ಸೋಮವಾರ

ಬೆಳಿಗ್ಗೆ ಕಾವಲುಗಾರ ಲಾಡ್ಜಿಗೆ ಬಂದ. "ಯಜಮಾನ್ರೇ, ನಾಳೆ ಗೇಟು ತೆಗೆಯೋಕೆ ಮುಂಚೆ ಬನ್ನಿ. ಆ ಹೊತ್ತಲ್ಲಿ ನನಗೂ ಕಣ್ಣು ಕಾಣಲ್ಲ" ಎಂದ. ನಾನು ಖುಷಿಯಿಂದ ಎದ್ದೇಬಿಟ್ಟೆ. ಇವರು ಅವನ ಕೈ ಹಿಡಿದು "ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ. ಕದ್ದು ಮುಟ್ಟಲ್ಲ ಮಾರಾಯ. ಹಗಲಲ್ಲಿ, ಎಲ್ಲರ ಮುಂದೆ ಮುಟ್ತೀನಿ. ಬಿಡೋವರೆಗೂ ಆಫೀಸಿಗೆ ಹೋಗಿ ಕೇಳ್ತೀನಿ" ಎಂದರು.

"ಬಿಡೋವರೆಗೂ ಅಂದ್ರೆ? ನಾಳೆ ಬಸ್ಸಿಗೆ ಹೋಗಬೇಕಲ್ಲ" ಎಂದೆ. ಮಾತಾಡುವುದಿಲ್ಲ ಎಂದು ಪಣ ತೊಟ್ಟಿದ್ದು ಅಲ್ಲಿಗೆ ಮುಗಿಯಿತು.

"ನೀನು ಹೋಗು. ನಾನು ಇಲ್ಲೇ ಇರ್ತೀನಿ. ಮೇಸ್ತ್ರಿ ಅಂಗಡಿ ಹಿಂದೆ ಒಂದು ಕೋಣೆ ಇದೆ."

"ಎಷ್ಟು ದಿನ?"

"ಸಿಂಹ ಮುಗಿಯೋವರೆಗೆ."

"ಯಾವ ಸಿಂಹ?"

"ಕಲ್ಲು ಇನ್ನೂ ಹುಡುಕಬೇಕು."

ಬಾಯಿಗೆ ಬಂದದ್ದೆಲ್ಲ ಅಂದೆ. ಬಟ್ಟೆ ಯಾರು ಒಗೆಯುತ್ತಾರೆ, ಬಚ್ಚಲು ಯಾರು ತೋರಿಸುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ, ಇನ್ನೊಂದು ಬೆರಳು ಜಜ್ಜಿಕೊಂಡರೆ ಏನು ಗತಿ. ಇವರು ಎಲ್ಲ ಕೇಳಿಸಿಕೊಂಡರು.

"ನಿನ್ನ ಮೇಲೆ ಬೇಜಾರಿಲ್ಲ ಕಣೇ. ನೀನು ಎಳ್ಕೊಂಡು ಬರದಿದ್ರೆ ನಾನು ಆ ಗೋಡೆ ನೋಡ್ಕೊಂಡೇ ಸಾಯ್ತಿದ್ದೆ. ಆದ್ರೆ ನೀನು ಪಕ್ಕದಲ್ಲಿದ್ರೆ ಎಲ್ಲರೂ ನಿನ್ನನ್ನೇ ಕೇಳ್ತಾರೆ. ನಾನೂ ನಿನ್ನನ್ನೇ ಕೇಳ್ತೀನಿ. ಸ್ವಲ್ಪ ದಿನ ನನ್ನನ್ನ ಯಾರಾದ್ರೂ ಕೇಳಲಿ."

ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಒಂದು ವರ್ಷ ಇವರಿಗೆ ಕಣ್ಣಾಗಿ, ಬಾಯಾಗಿ, ಕೈಯಾಗಿ ನಿಂತವಳಿಗೆ ಇದು ಸಿಕ್ಕ ಉಡುಗೊರೆ. ಎಷ್ಟು ಕೊಬ್ಬು! ಹ್ಞಾಂ, ಹೋಗುತ್ತೇನೆ. ಎರಡೇ ದಿನಕ್ಕೆ ಫೋನು ಮಾಡಿ ಬಾ ಎನ್ನದಿದ್ದರೆ ಕೇಳಿ. ಆಗಲೂ ನಾನು ತಕ್ಷಣ ಹೊರಡುವುದಿಲ್ಲ.

ಇವರ ಬಟ್ಟೆಗಳನ್ನು ಮಡಿಸಿಟ್ಟೆ. ಯಾವುದು ಎಲ್ಲಿದೆ ಎಂದು ಹೇಳಲಿಲ್ಲ. ಹೇಳಲು ಹೋಗಿ ನಿಲ್ಲಿಸಿದೆ. ಇವರು ಆಗಲೇ ಒಂದೊಂದಾಗಿ ತೆಗೆದು, ಮುಟ್ಟಿ, ತಮಗೆ ಬೇಕಾದ ಹಾಗೆ ಬೇರೆ ಜೋಡಿಸಿಕೊಳ್ಳುತ್ತಿದ್ದರು.

ಫೆಬ್ರವರಿ ೧೮, ಬುಧವಾರ

ಮನೆಗೆ ಬಂದೆ. ಅಂಗಡಿ ತೆಗೆದೆ. ಬಸ್ ಸ್ಟ್ಯಾಂಡಿಗೆ ಇವರೂ ಬಂದಿದ್ದರು, ಕಾವಲುಗಾರನ ಜೊತೆಯಲ್ಲ, ಒಬ್ಬರೇ, ಕೋಲು ಬಡಿದುಕೊಂಡು. ತಡವಾಗಿ ಬಂದರು, ದಾರಿ ತಪ್ಪಿತ್ತಂತೆ. ದಾರಿ ತಪ್ಪಿದ್ದನ್ನು ಬಹುಮಾನ ಬಂದ ಹಾಗೆ ಹೇಳಿಕೊಂಡರು. ಬಸ್ಸು ಹೊರಟಾಗ ನಾನಿದ್ದ ಕಿಟಕಿ ಎಂದುಕೊಂಡು ಕೈಯೆತ್ತಿದರು. ಎರಡು ಕಿಟಕಿ ಹಿಂದಕ್ಕೆ ಬೀಸಿದರು, ಅಲ್ಲಿದ್ದ ಮುದುಕ ವಾಪಸು ಕೈ ಬೀಸಿದ. ಸರಿಪಡಿಸೋಣವೆಂದು ಬಾಯಿ ತೆರೆದೆ. ಆಮೇಲೆ ಬಿಟ್ಟೆ.

ಇಲ್ಲಿ ಕೆಲಸ ಬೆಟ್ಟದಷ್ಟು ಬಿದ್ದಿದೆ. ಶಾಲೆಯ ಸಮವಸ್ತ್ರಗಳು, ಒಬ್ಬಳ ಕೋಟು, ಯಾರದೋ ಪ್ಯಾಂಟು ಉದ್ದ ಮಾಡಬೇಕು. ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ, ಅತ್ತಿಗೆ ಬಂದಳು. ಚಪ್ಪಲಿಯನ್ನೂ ಬಿಡದೆ ನೇರ ಒಳಕ್ಕೆ.

"ಅವನೆಲ್ಲಿ?"

"ಅಲ್ಲೇ ಇದ್ದಾರೆ. ಕೆಲಸ ಹಿಡಿದಿದ್ದಾರೆ."

"ಕಣ್ಣು ಕಾಣದವನನ್ನ ನಮ್ಮವರಿಲ್ಲದ ಊರಲ್ಲಿ ಬಿಟ್ಟು ಬಂದೆಯಾ? ನೀನೇನು ಮನುಷ್ಯಳಾ?"

ಕಾಯುತ್ತಿದ್ದ ಗಿರಾಕಿಗಳು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಎಣ್ಣೆಯ ಕೈ ಒರೆಸಿಕೊಂಡೆ.

"ನಾನು ಬಿಟ್ಟು ಬರಲಿಲ್ಲ ಅತ್ತಿಗೆ. ಅವರು ನನ್ನನ್ನ ಕಳಿಸಿದ್ರು."

"ಅವನು ಕಳಿಸಿದ ಅಂತ ನೀನು ಬಂದುಬಿಟ್ಯಾ? ಯಾವತ್ತು ಅವನ ಮಾತು ಕೇಳಿದ್ದೀಯ ನೀನು?"

"ಇದೇ ಮೊದಲು," ಎಂದೆ.